ನಮ್ಮ ತಾಲ್ಲೂಕಿಗೆ ಎಷ್ಟು ಜಡ್ಜ್ ಬೇಕು? ಎಣಿಸಿದವರು ಯಾರು?



ಇವತ್ತು ರಾಜೀನಾಮೆ ಇಲ್ಲ, ರೆಸಾರ್ಟ್ ಇಲ್ಲ, ಯಾರ ಆಡಿಯೋನೂ ಲೀಕ್ ಆಗಿಲ್ಲ. ಇವತ್ತು ಒಂದು ಲೆಕ್ಕ ಹಾಕೋಣ. ನಾನು ಇಂಜಿನಿಯರಿಂಗ್ ಓದಿ ಟಿವಿಗೆ ಬಂದವನು. ವರ್ಷಕ್ಕೊಮ್ಮೆಯಾದರೂ ಕಲಿತ ಗಣಿತವನ್ನ ನಿಮ್ಮ ಮುಂದೆ ಹಾಕದೇ ಇದ್ದರೆ ಅಪ್ಪ ಕಟ್ಟಿದ ಫೀಸಿಗೆ ಅನ್ಯಾಯ ಮಾಡಿದ ಹಾಗಾಗುತ್ತೆ.

ಲೆಕ್ಕ ಶುರುವಾಗೋದು ನಮ್ಮ ದೊಡ್ಡವ್ವನಿಂದ. ಕೂಡ್ಲಿಗಿ-ಕೊಟ್ಟೂರು ನಡುವಿನ ಒಂದು ಹಳ್ಳಿ. ವಯಸ್ಸು ಎಪ್ಪತ್ತು ದಾಟಿದೆ. ತವರಿನ ನಾಲ್ಕೆಕರೆ ಖುಷ್ಕಿ ಜಮೀನಿನಲ್ಲಿ ತನಗೂ ಭಾಗ ಬೇಕು ಅಂತ ಕೇಸು ಹಾಕಿದಳು. ಆಗ ನಾನು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೆ. ಈಗ ನನ್ನ ಮಗ ಎಲ್‌ಕೆಜಿಗೆ ಹೋಗ್ತಿದ್ದಾನೆ. ಹದಿನಾರು ವರ್ಷ. ಈ ನಡುವೆ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕಿದೆ, 2005ರ ತಿದ್ದುಪಡಿ ಬಂದಾಗ ಅಪ್ಪ ಬದುಕಿರಬೇಕು ಅಂತೇನಿಲ್ಲ ಅಂತ ಸ್ಪಷ್ಟವಾಗಿ ಹೇಳಿತು. ಟಿವಿಯಲ್ಲಿ ಆ ಸುದ್ದಿ ಓದಿದವನು ನಾನೇ. ಓದಿ ಮುಗಿಸಿ ದೊಡ್ಡವ್ವನಿಗೆ ಫೋನ್ ಮಾಡಿದೆ. "ಕಾನೂನು ನಿನ್ನ ಕಡೆ ಬಂತವ್ವ" ಅಂದೆ. "ಕಾನೂನು ಬಂದ್ರ ಆತೇನಪ್ಪ, ಸಾಹೇಬ್ರು ಬರಬೇಕಲ್ಲ" ಅಂದಳು. ಅವಳ ಕೋರ್ಟಿನಲ್ಲಿ ಆಗ ಜಡ್ಜ್ ವರ್ಗ ಆಗಿ ಹೋಗಿದ್ದರು. ಪಕ್ಕದ ಕೋರ್ಟಿನವರು ಇನ್‌ಚಾರ್ಜ್. ಇನ್‌ಚಾರ್ಜ್ ಅಂದರೆ ವಾಯಿದೆ ಅಂತ ಅರ್ಥ ನಮ್ಮ ಕಡೆ.

ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜ್ ಉಳಿದಿದೆ ಅಂತ ಆಕೆ ಸಂತೋಷಪಡುತ್ತಾಳೆ. ಆದರೆ ಒಂದು ದಿನದ ಕೂಲಿ ಹೋಗುತ್ತೆ, ಜೊತೆಗೆ ಬಂದ ಮಗನ ಕೂಲಿನೂ ಹೋಗುತ್ತೆ. ಚಹಾ, ಊಟ, ಜೆರಾಕ್ಸ್ ಬೇರೆ. ನಾಲ್ಕೆಕರೆ ಶೇಂಗಾ ಹೊಲದಲ್ಲಿ ಆಕೆಯ ಪಾಲು ಎಷ್ಟು ಬರುತ್ತೋ, ಅದಕ್ಕಿಂತ ಓಡಾಟಕ್ಕೇ ಜಾಸ್ತಿ ಆಗಿರಬಹುದು. ಗೆದ್ದವನು ಸೋತ, ಸೋತವನು ಸತ್ತ ಅನ್ನೋ ಗಾದೆ ಸುಮ್ಮನೆ ಹುಟ್ಟಿಲ್ಲ.

ಒಂದು ದಿನ ನಾನೂ ಜೊತೆಗೆ ಹೋದೆ. ಬಾಗಿಲಲ್ಲಿ ಅವತ್ತಿನ ಪ್ರಕರಣಗಳ ಪಟ್ಟಿ ಅಂಟಿಸಿದ್ದರು. ಪುಟ ಮಗುಚುತ್ತಾ ಹೋದೆ, ಮುಗೀತಾನೇ ಇಲ್ಲ. ನೀವೇ ಭಾಗಾಕಾರ ಮಾಡಿ ನೋಡಿ. ದಿನಕ್ಕೆ ನೂರು ಕೇಸು ಅಂದುಕೊಳ್ಳಿ. ಊಟದ ಹೊತ್ತು ಬಿಟ್ಟರೆ ಜಡ್ಜ್ ಪೀಠದಲ್ಲಿ ಕೂರೋದು ಹೆಚ್ಚೆಂದರೆ ಐದೂವರೆ ಗಂಟೆ, ಅಂದರೆ 330 ನಿಮಿಷ. ಒಂದು ಕೇಸಿಗೆ ಮೂರು ನಿಮಿಷ ಚಿಲ್ಲರೆ. ಮೂರು ನಿಮಿಷದಲ್ಲಿ ಒಬ್ಬ ಸಾಕ್ಷಿಯ ಹೆಸರು, ತಂದೆ ಹೆಸರು, ವಯಸ್ಸು, ಕಸುಬು ಬರೆದುಕೊಳ್ಳಬಹುದು. ಹಾಗಾಗಿ ಜಡ್ಜ್ ಏನು ಮಾಡ್ತಾರೆ? ಎಂಬತ್ತು ಕೇಸಿಗೆ ಮುಂದಿನ ತಾರೀಖು ಕೊಟ್ಟು, ಉಳಿದದ್ದರಲ್ಲಿ ಒಂದಷ್ಟು ಕೆಲಸ ಮಾಡ್ತಾರೆ. ಇದು ಸೋಮಾರಿತನ ಅಲ್ಲ. ಇದು ಬರೀ ಭಾಗಾಕಾರ. ಕೋರ್ಟು ತಡ ಆದರೆ ಜಡ್ಜನ್ನ ಬೈಯೋದು, ವಕೀಲರನ್ನ ಬೈಯೋದು ನಮಗೆ ಅಭ್ಯಾಸ ಆಗಿದೆ. ವಾಯಿದೆ ಕೇಳೋ ವಕೀಲರ ಬಗ್ಗೆ ನನಗೂ ಸಿಟ್ಟಿದೆ, ಅದು ಇನ್ನೊಂದು ದಿನದ ಮಾತು.

ಮತ್ತೆ ಆ ತಾಲ್ಲೂಕು ಜಡ್ಜ್ ಬರೀ ಪೀಠದಲ್ಲಿ ಕೂರೋದಲ್ಲ. ಬೋರ್ಡ್ ಓದಿ ನೋಡಿ, 'ಸಿವಿಲ್ ನ್ಯಾಯಾಧೀಶರು ಮತ್ತು ಜೆಎಂಎಫ್‌ಸಿ' ಅಂತ ಇರುತ್ತೆ. ಹೊಲದ ಭಾಗವೂ ಅವರದೇ, ಜಗಳದ ಕ್ರಿಮಿನಲ್ ಕೇಸೂ ಅವರದೇ. ಪೊಲೀಸರು ರಾತ್ರಿ ಆರೋಪಿಯನ್ನ ಕರ್ಕೊಂಡು ಬಂದರೆ ಮನೆ ಬಾಗಿಲಲ್ಲೇ ರಿಮ್ಯಾಂಡ್. ಸಂತ್ರಸ್ತೆಯ ಹೇಳಿಕೆ ದಾಖಲಿಸಬೇಕು. ತಾಲ್ಲೂಕು ಕಾನೂನು ಸೇವಾ ಸಮಿತಿಯ ಕಾರ್ಯಕ್ರಮಕ್ಕೆ ಹೋಗಬೇಕು. ತೀರ್ಪು ಬರೆಯೋದು ಭಾನುವಾರ, ಮನೇಲಿ. ಇದರಲ್ಲಿ ಅರ್ಧದಷ್ಟು ಕೆಲಸ 'ಬಾಕಿ ಪ್ರಕರಣ' ಅನ್ನೋ ಅಂಕಿಯಲ್ಲಿ ಕಾಣಿಸೋದೇ ಇಲ್ಲ.

ಹಾಗಾದರೆ ಒಂದು ತಾಲ್ಲೂಕಿಗೆ ಎಷ್ಟು ಜಡ್ಜ್ ಬೇಕು ಅಂತ ತೀರ್ಮಾನ ಮಾಡೋರು ಯಾರು? ಕಾನೂನಿನ ಪ್ರಕಾರ ಉತ್ತರ ಇದೆ. 1964ರ ಕರ್ನಾಟಕ ಸಿವಿಲ್ ನ್ಯಾಯಾಲಯಗಳ ಅಧಿನಿಯಮದ ಪ್ರಕಾರ, ಹೈಕೋರ್ಟಿನ ಜೊತೆ ಸಮಾಲೋಚಿಸಿ ರಾಜ್ಯ ಸರ್ಕಾರ. ಹಣ ಕೊಡೋದು ಸರ್ಕಾರ, ಬೇಕು ಅಂತ ಕೇಳೋದು ಹೈಕೋರ್ಟು. ಆದರೆ ಯಾವ ಲೆಕ್ಕದ ಮೇಲೆ ಕೇಳಬೇಕು, ಯಾವ ಲೆಕ್ಕದ ಮೇಲೆ ಕೊಡಬೇಕು? ಇಲ್ಲೇ ಕಥೆ ಇರೋದು.

1987ರಲ್ಲಿ ಕಾನೂನು ಆಯೋಗ ತನ್ನ 120ನೇ ವರದಿಯಲ್ಲಿ ಒಂದು ಅಂಕಿ ಕೊಟ್ಟಿತು. ದೇಶದಲ್ಲಿ ಹತ್ತು ಲಕ್ಷ ಜನಕ್ಕೆ ಹತ್ತೂವರೆ ಜಡ್ಜ್ ಇದ್ದಾರೆ, ಅದು 50 ಆಗಬೇಕು ಅಂತ. ಈ 50 ಎಲ್ಲಿಂದ ಬಂತು? ಇಲ್ಲಿನ ಕೇಸು ಎಣಿಸಿ ಬಂದದ್ದಲ್ಲ. ಅಮೆರಿಕದಲ್ಲಿ ಇಷ್ಟು, ಇಂಗ್ಲೆಂಡಿನಲ್ಲಿ ಇಷ್ಟು ಅಂತ ಬೇರೆ ದೇಶಗಳ ಅನುಪಾತ ನೋಡಿ, ನಮ್ಮದು ಸದ್ಯಕ್ಕೆ ಐದು ಪಟ್ಟಾದರೂ ಆಗಲಿ ಅಂತ ಹೇಳಿದ್ದು. ಆ ಕಾಲಕ್ಕೆ ಆಯೋಗದ ಕೈಯಲ್ಲಿ ಬೇರೆ ಅಂಕಿಅಂಶವೂ ಇರಲಿಲ್ಲ. 2002ರ ಮಾರ್ಚ್‌ನಲ್ಲಿ ಅಖಿಲ ಭಾರತ ನ್ಯಾಯಾಧೀಶರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದೇ 50ನ್ನ ಐದು ವರ್ಷದಲ್ಲಿ ಮುಟ್ಟಿಸಿ ಅಂತ ಆದೇಶ ಮಾಡಿತು. ಐದು ವರ್ಷ ಅಂದರೆ 2007. 2016ರ ಏಪ್ರಿಲ್ 24ರಂದು ದೆಹಲಿಯಲ್ಲಿ, ಪ್ರಧಾನಿ ಎದುರಲ್ಲೇ, ಆಗಿನ ಮುಖ್ಯ ನ್ಯಾಯಮೂರ್ತಿ ಟಿ.ಎಸ್. ಠಾಕೂರ್ ಅವರು ಇದೇ 1987ರ ವರದಿ ನೆನಪಿಸುತ್ತಾ ಕಣ್ಣೀರು ಹಾಕಿದರು. ನಿಮಗೆ ಆ ದೃಶ್ಯ ನೆನಪಿರಬಹುದು, ನಮ್ಮ ಎಲ್ಲ ಚಾನೆಲ್‌ಗಳೂ ದಿನವಿಡೀ ಓಡಿಸಿದ್ದವು. ಕಣ್ಣೀರು ತೋರಿಸಿದೆವು, ಲೆಕ್ಕ ತೋರಿಸಲಿಲ್ಲ. 2025ರ ಇಂಡಿಯಾ ಜಸ್ಟೀಸ್ ರಿಪೋರ್ಟ್ ಪ್ರಕಾರ ನಾವು ಎಲ್ಲಿದ್ದೀವಿ ಗೊತ್ತಾ? ಹತ್ತು ಲಕ್ಷಕ್ಕೆ 15. ಮೂವತ್ತೆಂಟು ವರ್ಷದಲ್ಲಿ ಹತ್ತೂವರೆಯಿಂದ ಹದಿನೈದಕ್ಕೆ ಬಂದಿದ್ದೀವಿ.

ವಿಜಯನಗರ ಜಿಲ್ಲೆಗೆ ಇದನ್ನ ಹಾಕಿ ನೋಡೋಣ. 2011ರ ಜನಗಣತಿ ಹಿಡಿದರೆ ಆರು ತಾಲ್ಲೂಕು ಸೇರಿ ಸುಮಾರು ಹದಿಮೂರೂವರೆ ಲಕ್ಷ ಜನ. ದೇಶದ ಸರಾಸರಿ 15ರ ಲೆಕ್ಕದಲ್ಲಿ ಇಪ್ಪತ್ತು ಜಡ್ಜ್. ಸುಪ್ರೀಂ ಕೋರ್ಟು ಹೇಳಿದ 50ರ ಲೆಕ್ಕದಲ್ಲಿ ಅರವತ್ತೇಳು. ಹೊಸಪೇಟೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ, ಎಲ್ಲ ಸೇರಿ ಅರವತ್ತೇಳು ಜಡ್ಜ್ ಕೂತಿರೋ ಜಿಲ್ಲೆಯನ್ನ ಊಹಿಸಿಕೊಳ್ಳಿ. ಅಷ್ಟು ಕಟ್ಟಡ ಎಲ್ಲಿದೆ, ಅಷ್ಟು ಸ್ಟೆನೋ ಎಲ್ಲಿದ್ದಾರೆ ಅಂತ ಕೇಳ್ತೀರಿ. ಕೇಳಬೇಕಾದದ್ದೇ. ಅದಕ್ಕಿಂತ ಮೊದಲು ಇನ್ನೊಂದು ಪ್ರಶ್ನೆ ಇದೆ: ನಿಜವಾಗಿ ಅರವತ್ತೇಳು ಬೇಕಾ? ನಲವತ್ತು ಸಾಕಾ? ಎಂಬತ್ತು ಬೇಕಾ?

2014ರಲ್ಲಿ ಕಾನೂನು ಆಯೋಗವೇ, ನ್ಯಾಯಮೂರ್ತಿ ಎ.ಪಿ. ಶಾ ಅಧ್ಯಕ್ಷತೆಯಲ್ಲಿ, 245ನೇ ವರದಿಯಲ್ಲಿ ಈ ಜನಸಂಖ್ಯೆ ಲೆಕ್ಕ ಬೇಡ ಅಂತು. ಜನ ಎಷ್ಟಿದ್ದಾರೆ ಅನ್ನೋದಲ್ಲ, ಕೇಸು ಎಷ್ಟು ಬರ್ತಿದೆ, ಒಬ್ಬ ಜಡ್ಜ್ ವರ್ಷಕ್ಕೆ ಎಷ್ಟು ಮುಗಿಸ್ತಾರೆ ಅಂತ ನೋಡಿ. ಹೊಸದಾಗಿ ಬರೋದನ್ನ ಸರಿದೂಗಿಸೋಕೆ ಎಷ್ಟು ಜಡ್ಜ್, ಹಳೇ ಬಾಕಿ ತೀರಿಸೋಕೆ ಎಷ್ಟು ಜಡ್ಜ್ ಅಂತ ಬೇರೆ ಬೇರೆ ಲೆಕ್ಕ ಹಾಕಿ ಅಂತು. ಇಂಜಿನಿಯರ್‌ಗೆ ಇದು ಇಷ್ಟ ಆಗೋ ಮಾತು. ಆದರೆ ಒಂದು ತೊಡಕಿದೆ. ಹೆಲ್ಮೆಟ್ ಹಾಕದ ಬೈಕಿನವನ ದಂಡದ ಕೇಸೂ ಒಂದು, ನಮ್ಮ ದೊಡ್ಡವ್ವನ ಭಾಗದ ಕೇಸೂ ಒಂದು. ಮೊದಲನೆಯದು ಎರಡು ನಿಮಿಷ, ಎರಡನೆಯದು ಹದಿನಾರು ವರ್ಷ. ಲೋಕ ಅದಾಲತ್ ದಿನ 'ಒಂದೇ ದಿನ ಲಕ್ಷಾಂತರ ಪ್ರಕರಣ ಇತ್ಯರ್ಥ' ಅಂತ ನಾವು ಸುದ್ದಿ ಓದ್ತೀವಲ್ಲ, ಅದರಲ್ಲಿ ದಂಡ ಕಟ್ಟಿ ಮುಗಿಯೋ ಸಣ್ಣ ಕೇಸು ಎಷ್ಟು, ಹೊಲಮನೆಯ ಕೇಸು ಎಷ್ಟು ಅಂತ ಯಾರೂ ಬಿಡಿಸಿ ಹೇಳೋದಿಲ್ಲ.

ಅದಕ್ಕೇ 2017ರ ಜನವರಿಯಲ್ಲಿ ಇಮ್ತಿಯಾಜ್ ಅಹಮದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ತನ್ನದೇ ಸಮಿತಿಯೊಂದರ ಮಧ್ಯಂತರ ವರದಿ ಹಿಡಿದು, ಪ್ರತಿ ಕೇಸಿಗೂ ಅದರ ಸ್ವರೂಪ, ಕ್ಲಿಷ್ಟತೆ ನೋಡಿ ತೂಕ ಹಾಕಿ, ಆ ತೂಕದ ಮೇಲೆ ಜಡ್ಜ್‌ಗಳ ಸಂಖ್ಯೆ ತೀರ್ಮಾನಿಸಿ. ಅಂತಿಮ ವರದಿ ಬರೋವರೆಗೆ ಹೈಕೋರ್ಟುಗಳು ಈ ದಾರಿಯಲ್ಲೇ ಹೋಗಲಿ ಅಂತ ಹೇಳಿತು. ಮೂಟೆ ಎಣಿಸಬೇಡಿ, ತೂಗಿ ನೋಡಿ ಅಂತ. ಎಪಿಎಂಸಿಯಲ್ಲಿ ಮೆಕ್ಕೆಜೋಳ ಮಾರಿದ ಯಾವ ರೈತನಿಗೂ ಇದು ಹೇಳಿಕೊಡಬೇಕಾಗಿಲ್ಲ.

ತೂಕ ಹಾಕೋ ಪದ್ಧತಿ ಅಮೆರಿಕದಲ್ಲಿ ಮೊದಲಿನಿಂದ ಇದೆ. ಅಲ್ಲಿ ಕೇಂದ್ರದ ವಿಚಾರಣಾ ನ್ಯಾಯಾಲಯಗಳು 94 ವಲಯಗಳಲ್ಲಿವೆ. ಸುಮಾರು 670 ಜಡ್ಜ್ ಹುದ್ದೆ. ರಾಜ್ಯಗಳ ಕೋರ್ಟು ಬೇರೆ, ಬಹುಪಾಲು ಕೇಸು ಹೋಗೋದು ಅಲ್ಲಿಗೇ. ಕೇಂದ್ರದ ಕೋರ್ಟುಗಳಲ್ಲಿ ಜಡ್ಜ್‌ಗಳು ಯಾವ ಕೇಸಿಗೆ ಎಷ್ಟು ಸಮಯ ಹಾಕ್ತಾರೆ ಅಂತ ಅಧ್ಯಯನ ಮಾಡಿ ತೂಕ ಕಟ್ಟಿದ್ದಾರೆ. ಪೇಟೆಂಟ್ ವ್ಯಾಜ್ಯಕ್ಕೆ ಹೆಚ್ಚು ತೂಕ, ವಿದ್ಯಾರ್ಥಿ ಸಾಲ ವಸೂಲಿಗೆ ಅತಿ ಕಡಿಮೆ. ಒಬ್ಬ ಜಡ್ಜ್‌ಗೆ ವರ್ಷಕ್ಕೆ ತೂಕದ ಲೆಕ್ಕದಲ್ಲಿ 430 ದಾಟಿದರೆ, ಇನ್ನೊಬ್ಬರು ಬೇಕಾ ಅಂತ ಪರಿಶೀಲನೆ ಶುರು. ನ್ಯಾಯಾಂಗದ ಮಂಡಳಿ ಎರಡು ವರ್ಷಕ್ಕೊಮ್ಮೆ ಲೆಕ್ಕ ಹಾಕಿ ಸಂಸತ್ತಿಗೆ ಕಳಿಸುತ್ತೆ.

ಅಷ್ಟು ಅಚ್ಚುಕಟ್ಟು ಲೆಕ್ಕ ಇದ್ದೂ ಏನಾಯ್ತು ಗೊತ್ತಾ? ದೊಡ್ಡ ಮಟ್ಟದಲ್ಲಿ ಹುದ್ದೆ ಹೆಚ್ಚಿಸಿದ ಕೊನೆಯ ಕಾನೂನು ಬಂದದ್ದು 1990ರಲ್ಲಿ. 2024ರಲ್ಲಿ ಇನ್ನೂ 66 ಹುದ್ದೆ ಕೊಡೋ ಮಸೂದೆ ಬಂತು. ಹುದ್ದೆಗಳನ್ನ ಹತ್ತು ವರ್ಷಕ್ಕೆ ಹಂಚಿದ್ದರು, ಯಾವ ಅಧ್ಯಕ್ಷ ಬರ್ತಾನೆ ಅಂತ ಗೊತ್ತಿಲ್ಲದಾಗಲೇ ಪಾಸ್ ಮಾಡೋಣ ಅಂತ. ಸೆನೆಟ್ ಆಗಸ್ಟ್‌ನಲ್ಲಿ ಒಮ್ಮತದಿಂದ ಒಪ್ಪಿತು. ಕೆಳಮನೆ ಕೈಗೆತ್ತಿಕೊಂಡದ್ದು ನವೆಂಬರ್ ಚುನಾವಣೆ ಫಲಿತಾಂಶ ಬಂದ ಮೇಲೆ. ಡಿಸೆಂಬರ್ 23ಕ್ಕೆ ಅಧ್ಯಕ್ಷ ಬೈಡನ್ ವೀಟೋ ಹಾಕಿದರು. ಲೆಕ್ಕ ಸರಿ ಇತ್ತು, ಗಳಿಗೆ ಕೆಟ್ಟಿತು. ನಮ್ಮಲ್ಲಿ ಗಳಿಗೆ ಕೆಡೋಕೆ ಲೆಕ್ಕವಾದರೂ ಇರಬೇಕಲ್ಲ?

ಈಗ ನನ್ನ ಇಂಜಿನಿಯರಿಂಗ್ ಪಾಠಕ್ಕೆ ಬರ್ತೀನಿ, ಚಾನೆಲ್ ಬದಲಾಯಿಸಬೇಡಿ. ನ್ಯಾಯಬೆಲೆ ಅಂಗಡಿ ನೆನೆಸಿಕೊಳ್ಳಿ. ಒಬ್ಬನೇ ತೂಗ್ತಿದ್ದಾನೆ. ಜನ ಒಂದೇ ಸಮನೆ ಬರೋದಿಲ್ಲ, ಒಮ್ಮೆ ಗುಂಪು, ಒಮ್ಮೆ ಖಾಲಿ. ಆತ ದಿನದ ಅರ್ಧ ಹೊತ್ತು ಮಾತ್ರ ತೂಗೋವಷ್ಟು ಜನ ಬಂದರೆ, ಬಂದವರು ಸರಾಸರಿ ಒಬ್ಬರಿಗೆ ತೂಗೋವಷ್ಟು ಹೊತ್ತು ಕಾಯ್ತಾರೆ. ನೂರಕ್ಕೆ ತೊಂಬತ್ತು ಭಾಗ ಕೆಲಸ ಇದ್ದರೆ ಒಂಬತ್ತು ಜನರಿಗೆ ತೂಗೋವಷ್ಟು ಹೊತ್ತು. ತೊಂಬತ್ತೈದಾದರೆ ಹತ್ತೊಂಬತ್ತು. ತೊಂಬತ್ತೊಂಬತ್ತಾದರೆ ತೊಂಬತ್ತೊಂಬತ್ತು. ನೋಡಿ, ಕೆಲಸ ಹೆಚ್ಚಾದದ್ದು ಸ್ವಲ್ಪ, ಕಾಯೋದು ಹೆಚ್ಚಾದದ್ದು ವಿಪರೀತ. ಪೂರ್ತಿ ನೂರಾದರೆ ಸಾಲು ಬೆಳೀತಾನೇ ಹೋಗುತ್ತೆ, ನಿಲ್ಲೋದೇ ಇಲ್ಲ. ಕ್ಯೂಯಿಂಗ್ ಥಿಯರಿ ಅಂತಾರೆ, ಆರನೇ ಸೆಮಿಸ್ಟರ್‌ನಲ್ಲಿತ್ತು, ನಾನು ಎರಡನೇ ಸಲಕ್ಕೆ ಪಾಸಾದೆ. ಬರೋ ಕೇಸಿಗೂ ಮುಗಿಯೋ ಕೇಸಿಗೂ ಸರಿಸಮ ಮಾಡಿದರೆ ಸಾಕು ಅನ್ನೋ ಸರ್ಕಾರಿ ಯೋಚನೆ ತಪ್ಪಾಗೋದು ಇಲ್ಲೇ. ಸರಿಸಮ ಅಂದರೆ ನೂರಕ್ಕೆ ನೂರು. ಜಡ್ಜ್‌ಗೆ ಸ್ವಲ್ಪ ಬಿಡುವಿರೋ ಹಾಗೆ ಸಂಖ್ಯೆ ಇಟ್ಟರೆ ಮಾತ್ರ ಕಕ್ಷಿದಾರನ ಕಾಯುವಿಕೆ ಇಳಿಯುತ್ತೆ. 'ಖಾಲಿ ಕೂತ ಜಡ್ಜ್‌ಗೆ ಯಾಕೆ ಸಂಬಳ' ಅಂತ ಕೇಳೋ ಹಣಕಾಸು ಇಲಾಖೆಗೆ ಈ ಪಾಠ ಯಾರು ಮಾಡ್ತಾರೋ!

ಆದರೆ ವೀಕ್ಷಕರೇ, ತೂಕದ ಲೆಕ್ಕವನ್ನ ನಮ್ಮ ಈ ಆರು ತಾಲ್ಲೂಕಿಗೆ ಹಾಗೇ ತಂದು ಹಾಕಿದರೂ ನನಗೆ ಭಯ ಇದೆ. ಯಾಕೆ ಅಂತ ಹೇಳ್ತೀನಿ.

ಕೇಸು ಎಣಿಸೋದು ಅಂದರೆ ಕೋರ್ಟಿಗೆ ಬಂದ ಕೇಸು ಎಣಿಸೋದು. ಬಾರದೇ ಇರೋದು? ಹಡಗಲಿ ತಾಲ್ಲೂಕಿನ ತುದೀಲಿ, ತುಂಗಭದ್ರೆ ದಂಡೆ ಮೇಲೆ ಮೈಲಾರ ಇದೆ. ಅಲ್ಲಿಂದ ಹೊಸಪೇಟೆಗೆ ಒಂದು ಮೇಲ್ಮನವಿಗೋ ದೊಡ್ಡ ಕೇಸಿಗೋ ಹೋಗಬೇಕು ಅಂದರೆ ಎಷ್ಟು ಬಸ್ ಬದಲಾಯಿಸಬೇಕು ನೋಡಿ. ಸಣ್ಣ ರೈತ, ಕೂಲಿ ಹೆಂಗಸು 'ಬಿಡಪ್ಪ' ಅಂತ ಸುಮ್ಮನಾಗ್ತಾರೆ. ಹೊಲ ಒತ್ತುವರಿ ಆದರೂ, ಚೆಕ್ ಬೌನ್ಸ್ ಆದರೂ, ಜೀವನಾಂಶ ಬರದೇ ಇದ್ದರೂ ಸುಮ್ಮನಾಗ್ತಾರೆ. ಆಗ ಪುಸ್ತಕದಲ್ಲಿ 'ಈ ತಾಲ್ಲೂಕಿನಲ್ಲಿ ಕೇಸು ಕಡಿಮೆ' ಅಂತ ಬರುತ್ತೆ. ಕೇಸು ಕಡಿಮೆ, ಹಾಗಾಗಿ ಜಡ್ಜ್ ಬೇಡ. ಜಡ್ಜ್ ಇಲ್ಲ, ಹಾಗಾಗಿ ಕೇಸು ಹಾಕೋರಿಲ್ಲ. ಸೇತುವೆ ಕಟ್ಟಬೇಕಾ ಅಂತ ತೀರ್ಮಾನಿಸೋಕೆ ಹೊಳೆ ಈಜಿ ದಾಟಿದವರನ್ನ ಎಣಿಸಿದ ಹಾಗೆ ಇದು. ಊರೂರಿಗೆ ಕೇಸು ಹಾಕೋ ಪ್ರಮಾಣ ಬೇರೆ ಬೇರೆ, ಅದು ಜನರ ಆರ್ಥಿಕ, ಸಾಮಾಜಿಕ ಸ್ಥಿತಿಯ ಮೇಲೆ ನಿಂತಿದೆ ಅಂತ ಅದೇ 245ನೇ ವರದಿಯೂ ಗುರುತಿಸಿದೆ. ಮುಂದುವರಿದ ಕಡೆ ಜನ ಹೆಚ್ಚು ಕೇಸು ಹಾಕ್ತಾರೆ, ಹೆಚ್ಚು ಜಡ್ಜ್ ಸಿಗ್ತಾರೆ. ಹಿಂದುಳಿದ ಕಡೆ ಎರಡೂ ಇಲ್ಲ. 371ಜೆ ಬಂದದ್ದೇ ಈ ಥರದ ಲೆಕ್ಕ ಸರಿ ಮಾಡೋಕೆ.

371ಜೆ ಅಂದಾಗ ಹರಪನಹಳ್ಳಿ ಮಾತು ಬಂತು. ಈ ತಾಲ್ಲೂಕಿನಷ್ಟು ಜಿಲ್ಲೆ ಬದಲಾಯಿಸಿದ ತಾಲ್ಲೂಕು ರಾಜ್ಯದಲ್ಲಿ ಎಷ್ಟಿವೆಯೋ. 1997ರವರೆಗೆ ಬಳ್ಳಾರಿ. ಆಮೇಲೆ ದಾವಣಗೆರೆ. 371ಜೆ ಸೌಲಭ್ಯ ಬೇಕು ಅಂತ ಹೋರಾಟ ಮಾಡಿ 2018ರಲ್ಲಿ ಮತ್ತೆ ಬಳ್ಳಾರಿ. 2021ರಲ್ಲಿ ವಿಜಯನಗರ. ಕಾಲು ಶತಮಾನದಲ್ಲಿ ಮೂರು ಜಿಲ್ಲೆ. ದಾವಣಗೆರೆಯವರ ಹೈಕೋರ್ಟು ಬೆಂಗಳೂರು, ಬಳ್ಳಾರಿಯವರದ್ದು ಧಾರವಾಡ ಪೀಠ. ಇಲ್ಲಿನವರಿಗೆ ಇವತ್ತಿಗೂ ಹೊಸಪೇಟೆಗಿಂತ ದಾವಣಗೆರೆನೇ ಹತ್ತಿರ, ಆಸ್ಪತ್ರೆಗೂ ಅಲ್ಲಿಗೇ ಹೋಗೋದು. ಕಂದಾಯದ ಗಡಿ ಬದಲಾದ ಮಾತ್ರಕ್ಕೆ ಕೋರ್ಟಿನ ಗಡಿ ತಾನಾಗಿ ಬದಲಾಗೋದಿಲ್ಲ, ಅದಕ್ಕೆ ಬೇರೆ ಅಧಿಸೂಚನೆ ಬೇಕು. ಹೊಸ ಜಿಲ್ಲೆ ಘೋಷಿಸುವಾಗ ಡಿಸಿ ಕಚೇರಿ ಎಲ್ಲಿ, ಎಸ್‌ಪಿ ಕಚೇರಿ ಎಲ್ಲಿ ಅಂತ ಸ್ಟುಡಿಯೋದಲ್ಲಿ ಗಂಟೆಗಟ್ಟಲೆ ಚರ್ಚೆ ಮಾಡಿದೆವು. ಕೋರ್ಟು ಎಷ್ಟು, ಜಡ್ಜ್ ಎಷ್ಟು ಅಂತ ನಾನೂ ಕೇಳಲಿಲ್ಲ. ತಪ್ಪು ಒಪ್ಕೋತೀನಿ. ಕೊಟ್ಟೂರು ತಾಲ್ಲೂಕು ಆದಾಗಲೂ ಅಷ್ಟೇ, ತಹಶೀಲ್ದಾರರ ಕುರ್ಚಿ ಬಂತಾ ಅಂತ ನೋಡಿದೆವು.

ಹಾಗಾಗಿ ನನ್ನ ಅಭಿಪ್ರಾಯ ಇದು. ಕೇಸು ತೂಗಿ, ಅದು ಬುನಾದಿ. ಆದರೆ ಅದರ ಮೇಲೆ ದೂರಕ್ಕೆ, ಬಡತನಕ್ಕೆ ಒಂದಷ್ಟು ಸೇರಿಸಿ. ಬಂದ ಕೇಸಿನ ಜೊತೆ ಬಾರದ ಕೇಸನ್ನೂ ಅಂದಾಜು ಮಾಡಿ. ಲೆಕ್ಕವನ್ನ ದೆಹಲಿಯಿಂದ ಕೆಳಗೆ ಇಳಿಸಬೇಡಿ, ತಾಲ್ಲೂಕಿನಿಂದ ಮೇಲೆ ಏರಿಸಿ. ಜನಸಂಖ್ಯೆ ಲೆಕ್ಕ ಒರಟು ಅನ್ನೋದು ನಿಜ, ಆದರೂ ಅದು ಕೇಸು ಹಾಕಲಾರದವನನ್ನೂ ಒಂದು ತಲೆ ಅಂತ ಎಣಿಸುತ್ತೆ. ಅಷ್ಟನ್ನ ಅದರಿಂದ ಉಳಿಸಿಕೊಳ್ಳೋಣ.

ಇನ್ನು ಇರೋ ಹುದ್ದೆ ತುಂಬೋ ವಿಷಯ. ದೇಶದಲ್ಲಿ ಕೆಳ ನ್ಯಾಯಾಲಯಗಳಿಗೆ ಮಂಜೂರಾದ ಹುದ್ದೆ 25 ಸಾವಿರಕ್ಕೂ ಹೆಚ್ಚು, ಸುಮಾರು ಐದು ಸಾವಿರ ಖಾಲಿ. ಬಾಕಿ ಕೇಸು ನಾಲ್ಕೂವರೆ ಕೋಟಿ ದಾಟಿದೆ. ವರ್ಷದ ಯಾವ ತಿಂಗಳಲ್ಲಿ ಅರ್ಜಿ ಕರೆಯಬೇಕು, ಯಾವಾಗ ಪರೀಕ್ಷೆ, ಯಾವಾಗ ನೇಮಕ ಅಂತ ಸುಪ್ರೀಂ ಕೋರ್ಟು 2007ರಲ್ಲೇ ಮಲಿಕ್ ಮಝರ್ ಸುಲ್ತಾನ್ ಪ್ರಕರಣದಲ್ಲಿ ವೇಳಾಪಟ್ಟಿ ಹಾಕಿಕೊಟ್ಟಿದೆ. ನಮ್ಮಲ್ಲಿ ಸಿವಿಲ್ ಜಡ್ಜ್ ನೇಮಕ ಮಾಡೋದು ಹೈಕೋರ್ಟೇ, ಹಾಗಾಗಿ ಖಾಲಿ ಹುದ್ದೆಗೆ ಸರ್ಕಾರ ಒಂದನ್ನೇ ಬೈದು ಕೂರೋ ಹಾಗಿಲ್ಲ. ಹುದ್ದೆ ಮಂಜೂರು ಮಾಡದಿದ್ದರೆ ಸರ್ಕಾರವನ್ನ ಕೇಳಿ. ಮಂಜೂರಾದದ್ದು ಖಾಲಿ ಬಿದ್ದಿದ್ದರೆ ಹೈಕೋರ್ಟನ್ನೂ ವಿನಯದಿಂದಲೇ ಕೇಳಬೇಕು.

ನಿಮ್ಮ ಕೈಯಲ್ಲಿ ಮೊಬೈಲ್ ಇದೆಯಲ್ಲ, ನ್ಯಾಷನಲ್ ಜ್ಯುಡಿಶಿಯಲ್ ಡೇಟಾ ಗ್ರಿಡ್ ಅಂತ ಹುಡುಕಿ. 2015ರಿಂದ ಸಾರ್ವಜನಿಕರಿಗೆ ತೆರೆದಿದೆ. ರಾಜ್ಯ, ಜಿಲ್ಲೆ ಆರಿಸಿ ನಿಮ್ಮ ತಾಲ್ಲೂಕು ಕೋರ್ಟಿಗೆ ಹೋಗಿ. ಎಷ್ಟು ಬಾಕಿ, ಎಷ್ಟು ಹತ್ತು ವರ್ಷ ಹಳೇದು ಅಂತ ಬರುತ್ತೆ. ಮುಂದಿನ ಸಲ ನಿಮ್ಮ ಶಾಸಕರು ಊರಿಗೆ ಬಂದಾಗ, ಸಮುದಾಯ ಭವನ ಕೇಳಿದ ಮೇಲೆ, ಈ ಅಂಕಿ ಹಿಡಿದು ಇನ್ನೊಂದು ಪ್ರಶ್ನೆ ಕೇಳಿ: 'ನಮ್ಮ ತಾಲ್ಲೂಕಿಗೆ ಎಷ್ಟು ಜಡ್ಜ್ ಬೇಕು ಅಂತ ಯಾವ ಲೆಕ್ಕದಲ್ಲಿ ತೀರ್ಮಾನ ಮಾಡಿದ್ರಿ ಸಾರ್?' ಉತ್ತರ ಬಂದರೆ ನಮ್ಮ ಚಾನೆಲ್‌ಗೆ ಕಳಿಸಿ, ಪ್ರಸಾರ ಮಾಡ್ತೀನಿ.

ಈ ಮಾತು ಬರೆದುಕೊಂಡು ಸ್ಟುಡಿಯೋಗೆ ಬರೋ ಮೊದಲು ದೊಡ್ಡವ್ವನಿಗೆ ಫೋನ್ ಮಾಡಿದ್ದೆ. ಹೊಸ ಸಾಹೇಬ್ರು ಬಂದಾರಂತ, ಒಳ್ಳೇರಂತ. ಹಿಂದಿನವರು ಎರಡೂ ಕಡೆ ವಾದ ಕೇಳಿ ಮುಗಿಸಿದ್ದರು, ತೀರ್ಪು ಬರೆಯೋ ಮೊದಲೇ ವರ್ಗ ಆಯ್ತು. ಇವರು ವಾದವನ್ನ ಮೊದಲಿಂದ ಕೇಳಬೇಕಂತೆ. "ವಾಯಿದೆ ಯಾವಾಗವ್ವ?" ಅಂದೆ. "ಕೊಟ್ಟೂರು ತೇರು ಆದ ಮ್ಯಾಲ, ತಮ್ಮಾ" ಅಂದಳು.